ಹೆಂಗ ಮಾಡಿದಿ?

ಭಾನುವಾರ ಬೆಳಿಗ್ಗೆ ಶಹಾಪುರದಿಂದ ಯಾದಗಿರಿಗೆ ಹೋಗುವ ಬಸ್ಸು ಭೀಮಾ ಸೇತುವೆಗೆ ಬಂತೆಂದರೆ ಇಳಿದು ಮನೆಗೆ ಓಡಿಬಿಡಲೇ ಅನ್ನಿಸುತ್ತಿತ್ತು. ನಾನು ಹದಿನಾರು ವರ್ಷ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಕಲಿಸಿದವಳು. ವರಾಂಡದಲ್ಲಿ ನನ್ನ ಚಪ್ಪಲಿ ಸಪ್ಪಳ ಕೇಳಿದರೆ ಆರು, ಏಳನೇ ತರಗತಿಗಳು ಗಪ್‌ಚಿಪ್ ಆಗುತ್ತವೆ ಎಂದು ಜಂಬದಿಂದ ಹೇಳಿಕೊಂಡವಳು. ಈಗ ಯಾದಗಿರಿಯಲ್ಲಿ ಭಾನುವಾರಗಳಂದು ಪ್ರಾಥಮಿಕ ಶಾಲೆಯ ಶಿಕ್ಷಕರಿಗಾಗಿಯೇ ನಡೆಯುವ ಗಣಿತ ಶಿಕ್ಷಣದ ಸ್ನಾತಕೋತ್ತರ ಕೋರ್ಸಿಗೆ ಸೇರಿದ್ದೆ. “ಊರ ಮಕ್ಕಳನ್ನೆಲ್ಲ ಅಂಜಸಾಕಿ ಈಗ ನೀನೇ ಅಂಜಾಕತ್ತಿ ನೋಡು!” ಎಂದು ಗಂಡ ನಗುತ್ತಿದ್ದರು. ನಗಲಿ ಬಿಡಿ. ಅವರೇನು ಅಲ್ಲಿ ಪಾಠ ಮಾಡುವ ನಮ್ಮ ಮೇಡಂ ಎದುರು ಕೂತವರೇ?

ಮೇಡಂ ಬೈಯುವವರಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಮೊದಲ ತರಗತಿಯಲ್ಲೇ, ಮುಕ್ಕಾಲನ್ನು ಅರ್ಧದಿಂದ ಭಾಗಿಸಿ ಅಂದರು. ಇದೇನು ಮಹಾ ಲೆಕ್ಕ? ಎರಡನೇ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಿ ಒಂದೂವರೆ ಎಂದು ಬರೆದೆ. ಅವರು ನನ್ನ ಬೆಂಚಿನ ಹತ್ತಿರ ಬಂದು ಮೆಲ್ಲಗೆ, “ಹೆಂಗ ಮಾಡಿದ್ರಿ?” ಎಂದರು. ಅಷ್ಟೇ. ನಾನು ಗಡಿಬಿಡಿಯಲ್ಲಿ ಉತ್ತರದ ಮೇಲೆ ಗೀಟು ಎಳೆದುಬಿಟ್ಟೆ.

“ಯಾಕ್ರಿ ಹೊಡದ ಹಾಕಿದ್ರಿ? ಸರಿ ಇತ್ತಲ್ರಿ!”

ಯಾಕೆಂದರೆ, ನಮ್ಮ ಶಾಲೆಗಳಲ್ಲಿ ಉತ್ತರ ತಪ್ಪಿದಾಗ ಮಾತ್ರ ಹಾಗೆ ಕೇಳುತ್ತಾರೆ. ಸರಿಯಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಮುಂದೆ ಹೋಗುತ್ತಾರೆ. ನಾನು ಕಲಿತದ್ದೂ ಹಾಗೆ, ಕಲಿಸಿದ್ದೂ ಹಾಗೆ. ಮೇಡಂ ಅಲ್ಲಿಗೇ ಬಿಡಲಿಲ್ಲ. ತಲೆಕೆಳಗು ಯಾಕೆ ಮಾಡಬೇಕು, ಈ ಲೆಕ್ಕ ಬರುವ ಒಂದು ಸಂದರ್ಭ ಹೇಳಿ ಅಂದರು. ಮುಕ್ಕಾಲು ರೊಟ್ಟಿಯನ್ನು ಇಬ್ಬರಿಗೆ ಹಂಚುವುದು ಎಂದೆ. ಮುಕ್ಕಾಲು ರೊಟ್ಟಿ ಹಂಚಿದರೆ ಒಬ್ಬೊಬ್ಬರಿಗೆ ಒಂದೂವರೆ ರೊಟ್ಟಿ ಬರುತ್ತದೆಯೇ? ಅಯ್ಯ ನನ್ನ ಬುದ್ಧಿಯೇ! ಬಾಯಿಂದ ಬಿದ್ದ ಮೇಲೆ ಹೊಳೆಯಿತು. ಇಡೀ ಕೋಣೆ ನನ್ನನ್ನೇ ನೋಡುತ್ತಿತ್ತು.

ಆ ಸೆಮಿಸ್ಟರಿನ ಕೊನೆಯ ಕೆಲಸಕ್ಕೆ ನಾನು ಇನ್ನೂ ಹೆದರಿದೆ. ನಮ್ಮ ಶಾಲೆಯ ಒಂದು ಮಗುವಿಗೆ ಇದೇ ಲೆಕ್ಕ ಕೊಟ್ಟು, ಅದು ಹೇಗೆ ಯೋಚಿಸಿತು ಎಂದು ಅದರ ಬಾಯಿಂದಲೇ ಹೇಳಿಸಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು ಬರಬೇಕು. ನಾವು ತಿದ್ದಬಾರದು, ಹೇಳಿಕೊಡಬಾರದು. ಮಗು ಬಾಯಿ ಬಿಡದಿದ್ದರೆ ಅಂಕವಿಲ್ಲ. ಲೆಕ್ಕದ ಟೀಚರ್ ಲೆಕ್ಕದಲ್ಲೇ ಫೇಲು ಎಂದು ಸುರಪುರದವರೆಗೂ ಸುದ್ದಿಯಾಗುತ್ತದಲ್ಲ ಎಂಬ ಅಂಜಿಕೆಗೆ ನನಗೆ ಊಟ ಸೇರುತ್ತಿರಲಿಲ್ಲ.

ಆರನೇ ತರಗತಿಯ ಒಬ್ಬ ಹುಡುಗಿಯನ್ನು ಆರಿಸಿಕೊಂಡೆ. ಅವಳ ತಾಯಿ ಭತ್ತದ ಗದ್ದೆಗೆ ಕೂಲಿಗೆ ಹೋಗುವವಳು, ಮನೆಯ ಕಾಳು ಅಳೆಯುವುದು, ರೊಟ್ಟಿ ಬಡಿಯುವುದು ಎಲ್ಲ ಈ ಹುಡುಗಿಯದೇ. ಶನಿವಾರ ಶಾಲೆ ಬಿಟ್ಟ ಮೇಲೆ ಅವಳನ್ನು ಖಾಲಿ ತರಗತಿಯಲ್ಲಿ ಕೂರಿಸಿ, ಮೊಬೈಲು ಚಾಲೂ ಮಾಡಿ ಲೆಕ್ಕ ಕೊಟ್ಟೆ. ಅವಳು ತಲೆಕೆಳಗೂ ಮಾಡಲಿಲ್ಲ, ಗುಣಿಸಲೂ ಇಲ್ಲ. ಛಾವಣಿಯತ್ತ ನೋಡಿದವಳೇ ಒಂದೂವರೆ ಎಂದು ಬರೆದಳು. ನನಗೆ ಹೋದ ಜೀವ ಬಂದಂತಾಯಿತು.

“ಹೆಂಗ ಮಾಡಿದಿ?” ಎಂದೆ.

ಅವಳು ಪಟ್ಟನೆ ರಬ್ಬರು ತೆಗೆದು ಉತ್ತರ ಅಳಿಸಿಬಿಟ್ಟಳು.

“ಅಳಸಬ್ಯಾಡ ಬೇ! ಸರಿ ಅದ. ಹೆಂಗ ಮಾಡಿದಿ, ಅಷ್ಟ ಹೇಳು!” ಹೆದರಿಕೆಗೆ ನನ್ನ ದನಿ ಏರಿತ್ತು.

ಹುಡುಗಿ ಪೆನ್ಸಿಲು ಕೆಳಗಿಟ್ಟಳು. ಕಣ್ಣು ಮುಚ್ಚಿ ಬಲಗೈಯ ಅಂಗೈಯನ್ನು ನನ್ನ ಮುಂದೆ ಚಾಚಿದಳು.

ಟೇಬಲ್ಲಿನ ಮೇಲೆ ನನ್ನ ಕಟ್ಟಿಗೆಯ ಸ್ಕೇಲು ಇತ್ತು. ಅದು ಯಾವಾಗಲೂ ಅಲ್ಲೇ ಇರುತ್ತಿತ್ತು. ಮೇಡಂ, ಅಂಕ, ಫೇಲು ಎಲ್ಲ ಮರೆತು ನನಗೆ ನನ್ನದೇ ಭಯವಾಯಿತು. ಸ್ಕೇಲನ್ನು ಕಿಟಕಿಯ ಆಚೆ ಎಸೆದು ಅವಳ ಪಕ್ಕ ನೆಲದ ಮೇಲೆ ಕೂತೆ.

“ನನಗ ಬರಂಗಿಲ್ಲವ್ವ. ಖರೇನ ಬರಂಗಿಲ್ಲ. ನೀನೇ ಕಲಸು” ಎಂದೆ.

ಅವಳು ಕಣ್ಣು ಬಿಟ್ಟು ಹೇಳತೊಡಗಿದಳು. “ಮುಕ್ಕಾಲು ಸೇರು ಜ್ವಾಳ ಅಂದ್ರ ಮೂರು ಪಾವ್ರಿ. ಅರ್ಧ ಸೇರಿನ ಅಳತಿ ಡಬ್ಬಿ ಎರಡು ಪಾವು ಹಿಡೀತದ. ಒಮ್ಮಿ ಪೂರಾ ತುಂಬತದ, ಇನ್ನೊಂದು ಪಾವು ಉಳೀತದ. ಅಷ್ಟಕ್ಕ ಡಬ್ಬಿ ಅರ್ಧಾ ತುಂಬತದ. ಒಂದೂವರಿ ಡಬ್ಬಿ ಆತ್ರಿ.”

ಹದಿನಾರು ವರ್ಷದಲ್ಲಿ ನನಗೆ ಹೊಳೆಯದ್ದು ಅದು. ಆದರೆ ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಎಲ್ಲವನ್ನೂ ಹೇಳಿ ಮುಗಿಸುವವರೆಗೂ ಅವಳು ಆ ಅಂಗೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಧ್ವನಿಮುದ್ರಣದಲ್ಲಿ ನನ್ನ ಏರಿದ ದನಿ, ಸ್ಕೇಲು ಬಿದ್ದ ಸಪ್ಪಳ ಇದ್ದ ಮೊದಲ ಭಾಗವನ್ನು ಮನೆಯಲ್ಲಿ ಕತ್ತರಿಸಿ ತೆಗೆದೆ. ಮಕ್ಕಳ ಮೇಲೆ ಕೈ ಮಾಡುವುದು ಅಪರಾಧ. ಯಾರಿಗಾದರೂ ಗೊತ್ತಾದರೆ ನೌಕರಿಗೇ ಕುತ್ತು. ಮರುದಿನ ಯಾದಗಿರಿಯಲ್ಲಿ ಮೇಡಂ ಉಳಿದದ್ದನ್ನು ಎಲ್ಲರಿಗೂ ಕೇಳಿಸಿದರು. ಹುಡುಗಿಯ ಮಾತು ಮುಗಿಯುತ್ತಲೇ ಶಿಕ್ಷಕರೆಲ್ಲ ಚಪ್ಪಾಳೆ ತಟ್ಟಿದರು. ಮೇಡಂ ಮುಖ ಅರಳಿತ್ತು.

“ಎಷ್ಟು ಸಲಿಗಿಲೆ ಮಾತಾಡ್ಯಾಳ್ರಿ! ಹೆಂಗ ಮಾಡಿದ್ರಿ ಇದನ್ನ?”

ಏನಾದರೂ ಒಂದು ಹೇಳಿ ಕೂತುಬಿಡಬಹುದಿತ್ತು. ಟೇಬಲ್ಲು ಹಿಡಿದು ನಿಂತೆ.

“ಮೊದಲಿಂದು ನಾ ಕತ್ತರಸೀನ್ರಿ ಮೇಡಂ. ಹೆಂಗ ಮಾಡಿದಿ ಅಂತ ಕೇಳಿದ ಕೂಡಲೇ ಆಕಿ ಕೈ ಚಾಚಿದ್ಲು.”

“ಕೈ ಯಾಕ್ರಿ?” ಎಂದರು ಮೇಡಂ.

ಕೋಣೆಯಲ್ಲಿದ್ದ ಉಳಿದ ಶಿಕ್ಷಕರಲ್ಲಿ ಒಬ್ಬರೂ ಹಾಗೆ ಕೇಳಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು.