ಹಿಡಿ ಅಕ್ಕಿ ಬೇಡವೆಂದ ಮೇಲೆ

ನನಗೆ ಸಾಕಾಗಿದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ಶನಿವಾರ ನವುಲೆಯ ಮನೆಯಿಂದ ಹೊರಟು, ಎರಡು ಬಸ್ಸು ಹತ್ತಿಳಿದು, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿರುವ ಪುಟ್ಟ ಭಜನಾ ಮಂದಿರದ ಬಾಗಿಲು ತೆಗೆಯುವವಳು ನಾನು. ಕಸ ಗುಡಿಸುವುದು, ಹೂ ಕಟ್ಟುವುದು, ಹುಗ್ಗಿ ಬೇಯಿಸುವುದು ಎಲ್ಲ ನಾನೇ. ಅಪ್ಪ ಅಲ್ಲಿ ಕೆಲಸಕ್ಕಿದ್ದಾಗ ನಾಲ್ಕು ಜನರ ಜೊತೆ ನಿಂತು ಕಟ್ಟಿಸಿದ ಮಂದಿರ. ಬಿಡಲು ಮನಸ್ಸು ಬರುವುದಿಲ್ಲ.

ಅಲ್ಲಿ ಹಿಡಿ ಅಕ್ಕಿಯ ಪದ್ಧತಿ ಇತ್ತು. ಪ್ರತಿ ಮನೆಯವರೂ ದಿನಾ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಇಡುವುದು, ಶನಿವಾರ ಅದನ್ನು ತಂದು ಮಂದಿರದ ಪಾತ್ರೆಗೆ ಸುರಿಯುವುದು. ಅದೇ ಅಕ್ಕಿಯ ಹುಗ್ಗಿ ಎಲ್ಲರಿಗೂ ಪ್ರಸಾದ. ಕೇಳುವುದಕ್ಕೇನೋ ಚೆನ್ನಾಗಿದೆ. ಬೇಯಿಸುವವರನ್ನು ಕೇಳಿ! ಒಬ್ಬರದು ರೇಷನ್ ಅಕ್ಕಿ, ಇನ್ನೊಬ್ಬರದು ಸೋನಾ ಮಸೂರಿ, ಮತ್ತೊಬ್ಬರದು ಕುಸುಬಲಕ್ಕಿ. ಒಂದು ಮುದ್ದೆಯಾಗುವ ಹೊತ್ತಿಗೆ ಇನ್ನೊಂದು ಹಲ್ಲಿಗೆ ಕಟಕ್ಕೆನ್ನುತ್ತದೆ. ಕಲ್ಲು ಆರಿಸಿ ಆರಿಸಿ ನನ್ನ ಕಣ್ಣೇ ಹೋಯಿತು.

ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಶನಿವಾರ ರೇಗಿ ಎಲ್ಲರೆದುರೇ ಹೇಳಿಬಿಟ್ಟೆ: "ಇನ್ಮೇಲೆ ಯಾರೂ ಅಕ್ಕಿ ತರ್ಬೇಡಿ ಮಾರಾಯ್ರೇ. ನಮ್ಮೂರ ಗಾಂಧಿ ಬಜಾರಿಂದ ನಾನೇ ಒಳ್ಳೇ ಅಕ್ಕಿ ಮೂಟೆ ತರಿಸ್ತೀನಿ. ನೀವು ಸುಮ್ನೆ ಬಂದು ಕೂತ್ಕೊಳ್ಳಿ, ಸಾಕು."

ದೊಡ್ಡ ಉಪಕಾರ ಮಾಡಿದೆ ಎಂದುಕೊಂಡಿದ್ದೆ. ಹುಗ್ಗಿ ಹದವಾಗಿ ಬೆಂದಿತು, ತಿನ್ನುವವರು ಕಡಿಮೆಯಾದರು. ಮೊದಲು ಎದುರು ಸಾಲಿನ ತೆಲುಗು ಹೆಂಗಸರು ಬರುವುದು ಬಿಟ್ಟರು, ಆಮೇಲೆ ತಾಳ ಹಾಕುವ ಮುದುಕರು. ದೀಪಾವಳಿ ಹೊತ್ತಿಗೆ ನಾಲ್ಕೇ ಜನ. ಕಳೆದ ಶನಿವಾರ ಒಂದು ನರಪಿಳ್ಳೆಯೂ ಇಲ್ಲ. ಒಬ್ಬಳೇ ಕೂತು ಭಜನೆ ಹೇಳಿದೆ, ನನ್ನ ದನಿ ನನಗೇ ಬೇಸರವಾಯಿತು. ಈಗಿನವರಿಗೆ ಭಕ್ತಿಯೇ ಇಲ್ಲ ಎಂದು ಬೈದುಕೊಂಡು, ಪಾತ್ರೆ ತುಂಬ ಹುಗ್ಗಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಹಂಚಿ ಬಂದೆ. ಇನ್ನೊಂದು ಶನಿವಾರ ಹೀಗಾದರೆ ಮಂದಿರಕ್ಕೆ ಬೀಗ ಜಡಿದು ಕೈತೊಳೆದುಕೊಳ್ಳುವುದೇ ಸರಿ ಎಂದು ತೀರ್ಮಾನಿಸಿದೆ.

ಆದರೂ ಮನಸ್ಸು ತಡೆಯದೆ ಬುಧವಾರ ಹೋದೆ, ಮಂದಿರದ ಹಿಂದಿನ ಸಾಲಿನ ತಮಿಳು ಅಜ್ಜಿಯ ಮನೆಗೆ. ನಾನು ಕಂಡಂತೆ ಒಂದು ಶನಿವಾರವನ್ನೂ ತಪ್ಪಿಸದಿದ್ದವರು ಅವರು.

"ಯಾಕಜ್ಜಿ ಬರ್ತಿಲ್ಲ? ಮೈ ಹುಷಾರಿಲ್ವಾ?" ಎಂದೆ.

"ಮೈಗೇನಮ್ಮಾ, ಚೆನ್ನಾಗೈತೆ." ಅಜ್ಜಿ ನನ್ನ ಮುಖ ನೋಡಲಿಲ್ಲ. "ನಮ್ಮಕ್ಕಿ ಬೇಡಾಂದ್ರಲ್ಲ. ಬರಿಗೈಲಿ ಬಂದು ಉಂಡ್ಕೊಂಡು ಹೋಗಕ್ಕೆ ನಾವೇನು ನೆಂಟ್ರಾ?"

ಇಷ್ಟು ತಿಂಗಳು ನಾನೊಬ್ಬಳೇ ಕೊಡುತ್ತ ಉಳಿದವರನ್ನೆಲ್ಲ ಹೊರಗಿನವರನ್ನಾಗಿ ಮಾಡಿದ್ದೆ. ನಾಚಿಕೆಯಾಯಿತು. ಸಿಟ್ಟೂ ಬಂತು, ಆಗಲೇ ಒಂದು ಮಾತು ಹೇಳಬಾರದಿತ್ತೇ ಈ ಮುದುಕಿ!

"ತಪ್ಪಾಯ್ತಜ್ಜಿ," ಎಂದೆ. "ಈ ಶನಿವಾರ ಒಂದು ಹಿಡಿ ತನ್ನಿ."

ಅಜ್ಜಿ ಒಳಗೆ ಹೋದರು. ಏನನ್ನೋ ಎಳೆಯುವ ಸದ್ದು ಕೇಳಿಸಿತು. ಮೊಣಕಾಲೆತ್ತರದ ತಗಡಿನ ಡಬ್ಬವೊಂದನ್ನು ನೆಲದ ಮೇಲೆ ಎಳೆದುಕೊಂಡು ಬಂದು ಮುಚ್ಚಳ ತೆಗೆದರು. ತುಂಬ ಅಕ್ಕಿ. ಮೇಲೆ ನುಸಿ ಹರಿದಾಡುತ್ತಿತ್ತು.

"ಎತ್ತಿಡಬಾರ್ದು ಅಂತ ದಿನಾ ಅಂದ್ಕೋತೀನಿ. ಕೈ ಕೇಳಲ್ಲಮ್ಮಾ," ಎಂದರು.

ನನಗೆ ಅಳು ಬಂತು. ಅಜ್ಜಿ ಅದನ್ನು ಗಮನಿಸದವರಂತೆ ಮೊರ ತಂದು ಅಕ್ಕಿ ಕೇರತೊಡಗಿದರು. "ಮೂಲೆ ಮನೆಯೋಳ ಹತ್ರಾನೂ ಇಂಥದ್ದೊಂದು ಡಬ್ಬ ಐತೆ. ನೀವೇ ಹೋಗಿ ಕೇಳ್ಬೇಕು," ಎಂದರು.

ಆ ಮೂಲೆ ಮನೆಯವಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಎದ್ದು ಹೋಗಿ ಬಾಗಿಲು ತಟ್ಟಿ, ಒಂದು ಹಿಡಿ ಅಕ್ಕಿ ಬೇಡಿದೆ.