ಸಣ್ಣ ಅಕ್ಷರ ಅಮ್ಮ, ದೊಡ್ಡ ಅಕ್ಷರ ಅಪ್ಪ

...ಇಲ್ಲ, ಆಕೆ ನನ್ನ ಅಂಗಡಿಗೆ ಒಬ್ಬರೇ ಬಂದಿರಲಿಕ್ಕಿಲ್ಲ. ಆಕೆ ಬಾಡಿಗೆಗಿದ್ದ ಮನೆಯ ಮಾಲೀಕಮ್ಮ ಜೊತೆಗಿದ್ದರು ಅಂದುಕೊಳ್ಳುತ್ತೇನೆ. ನನ್ನ ನೆನಪಿನಲ್ಲಿ ಅವರ ಮಾತಿದೆ, ಮುಖವಿಲ್ಲ. ಆ ಮಾತನ್ನೂ ನಾನೇ ಆಮೇಲೆ ಕಟ್ಟಿಕೊಂಡಿದ್ದರೆ ಆಶ್ಚರ್ಯವಿಲ್ಲ.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನನ್ನದು ಅಕ್ಷರ ಜೋಡಿಸುವ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು. ಬಿಡುವಿದ್ದಾಗ ಹಳೆಯ ಫಾಂಟುಗಳಲ್ಲಿ ಸಿಕ್ಕಿಕೊಂಡ ಕನ್ನಡ ಪುಸ್ತಕಗಳನ್ನು ಯೂನಿಕೋಡಿಗೆ, ಅಂದರೆ ಈಗ ಎಲ್ಲ ಕಂಪ್ಯೂಟರೂ ಓದುವ ಸಂಕೇತಕ್ಕೆ, ತರುವ ಕೆಲಸ. ಆಕೆ ಜಪಾನಿನವರು. ಯೋಗ ಕಲಿಯಲು ಬಂದು ಗೋಕುಲಂನಲ್ಲೇ ಉಳಿದವರು. ತಂದೆ ತಾಯಿ ಇಬ್ಬರೂ ತೀರಿಕೊಂಡ ಮೇಲೆ ಜಪಾನಿನಿಂದ ಆಕೆಯ ತಮ್ಮ ಕಳಿಸಿದ ಪೆನ್‌ಡ್ರೈವ್ ಒಂದನ್ನು ಮೇಜಿನ ಮೇಲಿಟ್ಟರು.

"ಅವರಪ್ಪ ಅಮ್ಮ ಬರ್ದಿದ್ದಂತೆ ಕಣ್ರೀ. ತೆಗುದ್ರೆ ಬರೀ ಚಿತ್ತು. ನಿಮ್ ತಿಥಿ ಕಾರ್ಡೇ ವಾಸಿ" ಎಂದರು ಮಾಲೀಕಮ್ಮ.

ಅದು ಯೂನಿಕೋಡಿಗೂ ಹಿಂದಿನ ಜಪಾನೀ ಸಂಕೇತದಲ್ಲಿದ್ದ ಕಡತ. ಅರ್ಧ ಗಂಟೆಯಲ್ಲಿ ಅಕ್ಷರಗಳು ಮೂಡಿದವು. ಮುದ್ರಿಸಿ ಕೊಟ್ಟೆ. ನನಗೆ ಒಂದಕ್ಷರವೂ ಓದಲು ಬಾರದು, ಆದರೂ ಹೆಮ್ಮೆಪಟ್ಟೆ.

ಮರುದಿನ ಇಬ್ಬರೂ ಮತ್ತೆ ಬಂದರು. ಹೊರಗೆ ಮಳೆಯಿತ್ತು ಎಂದು ಬರೆಯಲು ಕೈ ಹೋಗುತ್ತಿದೆ, ಇರಲಿಲ್ಲ.

"ಎಲ್ಲಾ ಅಪ್ಪ ಆಗಿದೆ," ಎಂದರು ಆಕೆ, ಮಾರುಕಟ್ಟೆಯಲ್ಲಿ ಕಲಿತ ಕನ್ನಡದಲ್ಲಿ. "ಅಮ್ಮ ಇಲ್ಲ."

ವಿಷಯ ತಿಳಿಯಲು ಹೊತ್ತು ಹಿಡಿಯಿತು. ಆಕೆಯ ಅಪ್ಪ ಅಮ್ಮನದೊಂದು ಲಾಂಡ್ರಿ. ಬೆಳಿಗ್ಗೆ ಅಪ್ಪ, ಸಂಜೆ ಅಮ್ಮ, ಇಬ್ಬರಿಗೂ ಒಂದೇ ಕಂಪ್ಯೂಟರು. ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು. ಪರದೆಯ ಮೇಲೆ ಕೈಬರಹ ಇರುವುದಿಲ್ಲವಲ್ಲ! ಅದಕ್ಕೇ ಅಮ್ಮ ಪ್ರತಿ ಮಾತಿಗೂ ಒಂದು ಕೀ ಒತ್ತಿ ತೆಳ್ಳಗಾಗಿಸಿದ ಅಕ್ಷರ, ಅಪ್ಪ ತಾನಾಗಿ ಬರುವ ಅಗಲದ ಅಕ್ಷರ.

ಆ ಹಳೆಯ ಸಂಕೇತದಲ್ಲಿ ಒಂದೇ ಅಕ್ಷರಕ್ಕೆ ಎರಡು ಅಗಲ, ಎರಡು ಬೇರೆ ಸಂಖ್ಯೆ. ಯೂನಿಕೋಡು ಬಂದಾಗ ಎರಡನ್ನೂ ಹಾಗೆಯೇ ಉಳಿಸಿಕೊಂಡಿತು, ಹಳೆಯ ಬರಹ ಇಲ್ಲಿಗೆ ಬಂದು ಹಿಂದಿರುಗಿದರೂ ಏನೂ ಕಳೆಯಬಾರದೆಂದು. ಕಳೆದವನು ನಾನು. ಕನ್ನಡ ಪುಸ್ತಕ ತಂದಾಗಲೆಲ್ಲ ಕೊನೆಯಲ್ಲಿ ಒಮ್ಮೆ 'ತೊಳೆಯುವುದು' ನನ್ನ ಚಾಳಿ: ಒಂದೇ ಅಕ್ಷರದ ಎರಡು ರೂಪವಿದ್ದರೆ ಒಂದಾಗಿಸುವ ಪುಟ್ಟ ಪ್ರೋಗ್ರಾಮು. ಇಲ್ಲೂ ಕೇಳದೆ ತೊಳೆದಿದ್ದೆ.

ಆಕೆ ಹಾಳೆಯ ಮೇಲೆ ಒಂದು ಸಾಲಿನ ಕೆಳಗೆ ಬೆರಳಿಟ್ಟರು. ಆಕೆ ಮೈಸೂರಿಗೆ ಹೊರಟ ವರ್ಷದ್ದು. ಆಗ ಅಪ್ಪ ಮಾತು ಬಿಟ್ಟಿದ್ದರಂತೆ, ಕಳಿಸಿಕೊಡಲೂ ಬಂದಿರಲಿಲ್ಲ. ಆಕೆ ಹೇಳಿದಂತೆ ಸಾಲು ಹೀಗಿತ್ತು: 'ಹೋಗಲಿ. ಮೈಸೂರು ಅಷ್ಟೇನೂ ದೂರವಲ್ಲ.'

"ಯಾರು ಹೇಳಿದ್ದು?"

ಮೂಲ ಕಡತ ಪೆನ್‌ಡ್ರೈವಿನಲ್ಲಿ ಕೆಡದೆ ಇತ್ತು. ತೊಳೆಯದೆ ಮತ್ತೊಮ್ಮೆ ತಂದೆ. ಪುಟದ ತುಂಬ ತೆಳ್ಳಗಿನ ಸಾಲುಗಳು ಎದ್ದುಬಂದವು. ಆಕೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು ಕೂತರು. ಅವರ ತುಟಿ ಅಲುಗುತ್ತಿತ್ತು. ಒಂದು ಕಡೆ ನಕ್ಕರು. ಆಮೇಲೆ ಆ ಸಾಲು ಬಂತು. 'ಹೋಗಲಿ' ತೆಳ್ಳಗಿತ್ತು. ಉಳಿದದ್ದು ಅಗಲ.

"ಅಪ್ಪಂದೇ ಕಣಮ್ಮ ಅದು!" ಮಾಲೀಕಮ್ಮ ಆಕೆಯ ಭುಜ ಅದುಮಿದರು. "ಬಾಯಲ್ಲಿ ಬಿಗುಮಾನ. ಬರಿಯೋವಾಗ ಒಪ್ಕೊಂಡ್ಬುಟ್ಟವ್ರೆ, ನೋಡು."

ಆಕೆ ತಲೆಯಾಡಿಸಿದರು, ಹೌದೆಂದೋ ಅಲ್ಲವೆಂದೋ.

"ಅಮ್ಮ ಆ ಕೀ ಒತ್ತೋದು ಮರೀತಾರೆ. ಯಾವಾಗ್ಲೂ ಮರೀತಾರೆ."

ಮೂವರೂ ಕಡತವನ್ನು ಮೊದಲಿನಿಂದ ನೋಡಿದೆವು. ಅಮ್ಮ ಮರೆತು ಅಗಲದಲ್ಲೇ ಬರೆದದ್ದನ್ನು ಆಕೆ ಮಾತಿನಿಂದಲೇ ಗುರುತಿಸಿದರು, ಎರಡು ಕಡೆ ಸಿಕ್ಕಿತು. ಅಮ್ಮನ ಸಾಲಿನ ತುದಿಗೇ ಅಪ್ಪ ಉತ್ತರ ಸೇರಿಸಿದ್ದೂ ಸಿಕ್ಕಿತು. ಮೈಸೂರಿನ ಸಾಲಿದ್ದ ಆ ಪುಟದ ಎರಡು ಪ್ರತಿ ಕೇಳಿದರು ಆಕೆ. ಕೊಟ್ಟೆ.

ಆ ಸಾಲಿನ ಅಗಲದ ಅಕ್ಷರಗಳನ್ನು ಒತ್ತಿದವರು ಯಾರೆಂದು ನನಗೆ ಗೊತ್ತಿಲ್ಲ. ಆಕೆಗೂ ಗೊತ್ತಿಲ್ಲ.