ಫೈಲಿಗೊಂದು ಶ್ರೀ
ಅಂಧೇರಿಯ ನನ್ನ ವಕೀಲಿ ಆಫೀಸಿಗೆ ಕಂಪ್ಯೂಟರ್ ಬಂದ ಹೊಸತು. ಸಯನ್‌ನಲ್ಲಿ ಹೋಟೆಲು ನಡೆಸುವ ವಿಠಲಣ್ಣ ಪಕ್ಕದಲ್ಲೇ ಕೂತಿದ್ದರು. ಹೋಟೆಲು ಖಾಲಿ ಮಾಡಿಸುವ ಆದೇಶಕ್ಕೆ ಮರುದಿನ ಕೋರ್ಟಿನಲ್ಲಿ ಸ್ಟೇ ಕೇಳಬೇಕಿತ್ತು. ಅರ್ಜಿ ಟೈಪ್ ಮಾಡಿ, ಫೈಲಿಗೆ ಇಂಗ್ಲಿಷಿನಲ್ಲಿ ‘ವಿಠಲ್’ ಎಂದು ಹೆಸರು ಕೊಟ್ಟೆ.

“ಮೊದಲು ಶ್ರೀ ಹಾಕಿ ವಕೀಲರೇ. ಶ್ರೀ ಇಲ್ಲದೆ ನಾನು ಸಾಮಾನಿನ ಚೀಟಿಯನ್ನೂ ಬರೆಯುವುದಿಲ್ಲ.”

“ಇದರಲ್ಲಿ ಫೈಲಿನ ಹೆಸರಿಗೆ ಎಂಟೇ ಅಕ್ಷರ ಹಿಡಿಯುವುದು, ವಿಠಲಣ್ಣ. ಶ್ರೀ ಹಾಕಿದರೆ ನಿಮ್ಮ ಹೆಸರು ತುಂಡಾಗುತ್ತದೆ.”

“ಆಗಲಿ ಮಾರಾಯ್ರೆ, ಹೋಟೆಲು ಉಳಿದರೆ ಸಾಕು.”

ಹಾಕಿದೆ. ಪ್ರಿಂಟರ್ ಕಿರುಗುಟ್ಟತೊಡಗಿದಾಗ ವಿಠಲಣ್ಣ ಚಪ್ಪಲಿ ಬಿಟ್ಟು ಕೈ ಮುಗಿದರು.

ಮರುದಿನ ಸ್ಟೇ ಸಿಕ್ಕಿತು. ಗಂಟಲು ಹರಿಯುವಂತೆ ವಾದಿಸಿದವನು ನಾನು. ಸಂಜೆ ವಿಠಲಣ್ಣ ದೊಡ್ಡ ಮಲ್ಲಿಗೆ ಹಾರ ಹಿಡಿದು ಬಂದರು. ನಾನು ಎದ್ದು ಕುತ್ತಿಗೆ ಬಗ್ಗಿಸಿದೆ. ಅವರು ನನ್ನನ್ನು ದಾಟಿ ಹೋಗಿ ಕಂಪ್ಯೂಟರಿಗೆ ಹಾಕಿದರು.